ಅರಿಶಿನ ಕುಂಕುಮದ ಎರಡು ಎಕರೆ

ರಾಯದುರ್ಗ
19-7-2025, ಶನಿವಾರ

ನಮ್ಮ ಮನೆಯ ಸೊಸೆ ರಮ್ಯಳಿಗೆ,

ನಿನ್ನ ಅತ್ತೆ ಕದರಮ್ಮ ಬರೆಯುವುದು. ಹಿರಿಯರು ಕಾಗದ ಬರೆದರೆ ಮೊದಲು ಆಶೀರ್ವಾದ ಬರೆಯಬೇಕು. ಬರೆದಿದ್ದೇನೆ ಎಂದುಕೋ. ಅದು ನಿನಗೆ ಬೇಕೋ ಬೇಡವೋ ಎಂಬುದನ್ನು ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನ ಮಾಡು. ನಿನ್ನ ಆರೋಗ್ಯ ಹೇಗಿದೆ? ಹಾಸ್ಟೆಲಿನ ಅಡುಗೆಮನೆಯಲ್ಲಿ ದಿನಕ್ಕೆ ಎರಡು ಹೊತ್ತು ಮುದ್ದೆ ತಿರುವಿ ನಿನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆಯೆಂದು ತಿಳಿಯಿತು. ನಿನ್ನ ಗಂಡ ರಾಮಾಂಜಿನೇಯ ನನಗೆ ಹೇಳಲಿಲ್ಲ. ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, ನಾನು ಕೇಳಿಸಿಕೊಂಡೆ. ಬಿಸಿ ಉಪ್ಪಿನ ಶಾಖ ಕೊಟ್ಟುಕೋ. ಅಷ್ಟು ದೊಡ್ಡ ಪಾತ್ರೆಗೆ ಒಬ್ಬಳೇ ಕೋಲು ಹಾಕಬೇಡ, ಇನ್ನೊಬ್ಬಳನ್ನು ಕೊಡಿ ಎಂದು ವಾರ್ಡನ್ನಿಗೆ ಬಾಯಿಬಿಟ್ಟು ಕೇಳು. ಕೇಳುವುದಕ್ಕೆ ನಾಚಿಕೊಳ್ಳಬೇಡ. ಈ ಮಾತನ್ನು ನಾನು ಬರೆಯುತ್ತಿದ್ದೇನೆ ಎಂದು ನೀನು ನಗಬಹುದು, ನಗು. ಮಗು ಮೀನಾಕ್ಷಿಗೆ ಕೆಮ್ಮು ಹೋಯಿತೆ? ಅವಳ ತಲೆಗೆ ಭಾನುವಾರ ಎಣ್ಣೆ ಹಚ್ಚುತ್ತೀಯೋ ಇಲ್ಲವೋ? ಪಾವಗಡದ ನೀರಿಗೆ ಕೂದಲು ನಿಲ್ಲುವುದಿಲ್ಲ.

ನಾನು ಇದ್ದೇನೆ. ಆಷಾಢದ ಗಾಳಿ ಕೋಟೆ ಬೆಟ್ಟದ ಕಡೆಯಿಂದ ಬೀಸಿ ಮನೆಯೊಳಗೆಲ್ಲ ಮಣ್ಣು, ಗುಡಿಸಿದಷ್ಟೂ ಮಣ್ಣು. ನಿನ್ನ ಗಂಡ ಬೆಳಿಗ್ಗೆ ಎಂಟಕ್ಕೆ ಜೀನ್ಸ್ ಹೊಲಿಯುವ ಶೆಡ್ಡಿಗೆ ಹೋದರೆ, ಅಲ್ಲಿ ಬಟ್ಟೆ ಕತ್ತರಿಸಿ ಕತ್ತರಿಸಿ, ಸಂಜೆ ನೀಲಿ ಕೈ ಹೊತ್ತುಕೊಂಡು ಬರುತ್ತಾನೆ. ತಟ್ಟೆ ತೆಗೆದುಕೊಂಡು ಕಟ್ಟೆಯ ಮೇಲೆ ಕೂತು ಉಣ್ಣುತ್ತಾನೆ, ನನ್ನ ಮುಂದೆ ಕೂರುವುದಿಲ್ಲ. ಭಾನುವಾರ ಗುಂಡಿ ತರಬೇಕು, ಜಿಪ್ ತರಬೇಕು ಎಂದು ಹೇಳಿ ಅವನು ಪಾವಗಡಕ್ಕೆ ಬರುವುದು ನನಗೆ ಗೊತ್ತು. ಪಾವಗಡದಲ್ಲಿ ಯಾವ ಜಿಪ್ ಸಿಗುತ್ತದೆ? ಗೊತ್ತಿಲ್ಲದವಳ ಹಾಗೆ ಇದ್ದೇನೆ. ಪಕ್ಕದ ಮನೆಯ ಹಂಪಕ್ಕ ಬಿಡುವವಳಲ್ಲ. ನೀನು ಹೋದ ಹೊಸದರಲ್ಲಿ ಕೇಳಿದಳು, ಮೀನಾಕ್ಷಿಯನ್ನು ಅಲ್ಲಿಯ ಕನ್ನಡ ಶಾಲೆಗೆ ಸೇರಿಸಬೇಕಿತ್ತು ಎಂದೆ. ಆಮೇಲೆ ಬೇಸಿಗೆ ರಜೆ ಎಂದೆ. ಮೊನ್ನೆ ಮತ್ತೆ ಶುರುಮಾಡಿದಳು, “ಯಾಕ್ರೀ ಕದರಮ್ಮಾ, ಸೊಸಿ ಇನ್ನಾ ಬರಲಿಲ್ಲಲ್ರಿ?” ಆಷಾಢಕ್ಕೆ ತೌರಿಗೆ ಹೋಗಿದ್ದಾಳೆ ಎಂದುಬಿಟ್ಟೆ. “ಹನ್ನೊಂದು ವರ್ಷದ ಸೊಸಿಗೆ ಯಾವ ಆಷಾಢರಿ, ನಮ್ಮನ್ನೂ ಕಳಿಸ್ರಿ ಹಂಗಾದ್ರ” ಎಂದು ಬೀದಿಗೆ ಕೇಳುವ ಹಾಗೆ ನಕ್ಕಳು. ನಾನೂ ನಕ್ಕೆ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ನನ್ನ ನಂಬರು ಕಂಡರೆ ನೀನು ಫೋನ್ ಎತ್ತುವುದಿಲ್ಲ. ಎತ್ತದಿದ್ದದ್ದೇ ಒಳ್ಳೆಯದು. ಎತ್ತಿದ್ದರೆ ನಾನು ಗದರಿಸುತ್ತಿದ್ದೆ, ಹೇಳಬೇಕಾದದ್ದು ಉಳಿದುಹೋಗುತ್ತಿತ್ತು. ಈ ಕಾಗದವನ್ನು ರಾಮಾಂಜಿನೇಯನ ಕೈಲಿ ಕಳಿಸುತ್ತೇನೆ. ನಾನು ಬರೆದದ್ದನ್ನು ನೀನು ಓದುವವರೆಗೆ ಬಾಯಿ ತೆರೆಯಬೇಡ ಎಂದು ಅವನಿಗೆ ಹೇಳಿದ್ದೇನೆ. ಆ ಒಂದು ವಿಷಯದಲ್ಲಿ ಇನ್ನೂ ನನ್ನ ಮಾತು ಕೇಳುತ್ತಾನೆ. ಗುರುವಾರ ಮಡಕಶಿರದ ಕೋರ್ಟಿನಲ್ಲಿ ತೀರ್ಪಾಯಿತು. ನಮ್ಮ ದಾವೆ ವಜಾ. ನಿಮ್ಮಪ್ಪ ನಿನಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟ ಅಗಳಿಯ ಎರಡು ಎಕರೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುಮನೆ, ಬೋರು ಎಲ್ಲವೂ ನನ್ನ ತಮ್ಮ ಮೂಡಲಗಿರಿಯಪ್ಪನಿಗೆ ಕ್ರಯವಾಗಿದೆ, ಒತ್ತೆ ಇಟ್ಟದ್ದಲ್ಲ ಎಂದು ಬರೆದಿದ್ದಾರೆ. ಒಂದು ತಿಂಗಳಲ್ಲಿ ಬಿಟ್ಟುಕೊಡಬೇಕು.

ಅಳಬೇಡ. ಅಳುವುದಾದರೆ ಮಕ್ಕಳಿಗೆ ಬಡಿಸಿ ಆದ ಮೇಲೆ ಅಳು.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ್ದು ನಡುನಡುವೆ ಇದೆ. 2019ರಲ್ಲಿ ನಿನ್ನ ನಾದಿನಿ ಹೇಮಾಳ ಮದುವೆ ಕೂಡಿಬಂತು. ನಿನ್ನ ಮಾವನವರು ಮಂಡಲ ಆಫೀಸಿನಲ್ಲಿ ದುಡಿದು ರಿಟೈರಾಗಿ ತಂದ ದುಡ್ಡು ಈ ಮನೆ ಕಟ್ಟುವುದಕ್ಕೇ ಮುಗಿದಿತ್ತು, ಅವರೂ ಮುಗಿದಿದ್ದರು. ಆದರೆ ಬೀಗರ ಮುಂದೆ ನಾನು, ಅವಳ ತಂದೆ ಮಗಳ ಮದುವೆಗೆಂದೇ ದುಡ್ಡು ಇಟ್ಟು ಹೋಗಿದ್ದಾರೆ ಎಂದು ಹೇಳಿದ್ದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ. ಹೇಳಿದ ಮೇಲೆ ಮಾಡಬೇಕಲ್ಲ. ಒಂದು ಸಂಜೆ ನೀನು ಮಿಷನ್ನಿನ ಮುಂದೆ ಕೂತು ಪ್ಯಾಂಟಿನ ಜೇಬು ಹೊಲಿಯುತ್ತಿದ್ದೆ. ತಲೆ ಎತ್ತದೆ, “ಅತ್ತೆ, ಅಗಳಿ ತೋಟ ಇಡಿ, ಆಮೇಲೆ ಬಿಡಿಸಿಕೊಂಡರಾಯಿತು” ಎಂದೆ. ಅಷ್ಟೇ. ನಾನು ಬೇಡ ಎನ್ನಬೇಕಿತ್ತು. ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿ, ನಿನಗೇ ಉಪಕಾರ ಮಾಡುವವಳ ಹಾಗೆ ಒಪ್ಪಿದೆ.

ಮಡಕಶಿರದಲ್ಲಿ ರೇಷ್ಮೆ ಗೂಡಿನ ವ್ಯಾಪಾರ ಮಾಡುವ ಮೂಡಲಗಿರಿಯಪ್ಪ ನನ್ನ ಚಿಕ್ಕಪ್ಪನ ಮಗ, ನಾನು ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದ ತಮ್ಮ. ಅವನಲ್ಲಿಗೆ ಹೋಗೋಣ ಎಂದವಳು ನಾನೇ. ಬೇರೆಯವರ ಹತ್ತಿರ ಹೋದರೆ ಸುದ್ದಿಯಾಗುತ್ತದೆ ಎಂದು. ಅವನು ನನ್ನನ್ನು ಚೆನ್ನಾಗಿ ಬಲ್ಲ. “ಅಕ್ಕ, ಒತ್ತೆ ಅಂತ ಬರ್ಸಿದ್ರೆ ಋಣಭಾರದ್ ಈ.ಸಿ. ಕಾಗ್ದ ತೆಗ್ಸಿ ನೋಡ್ದೋರ್ಗೆಲ್ಲ ನಿನ್ ಸೊಸೆ ಹೆಸರ್ ಮುಂದೆ ಸಾಲ ಅಂತ ಕಾಣ್ತೈತೆ. ನಿಂಗೇನ್ ಚಂದ? ಕ್ರಯ ಅಂತ್ಲೇ ಬರ್ಸಿಬುಡಾನ. ಮೂರು ವರ್ಷದಾಗೆ ದುಡ್ಡು ತಂದ್ಕೊಡು, ಆವತ್ತೇ ವಾಪಸ್ ಬರ್ದುಕೊಡ್ತೀನಿ. ನಾನೇನ್ ಹೊರಗ್ಲೋನಾ?” ಎಂದ. ಸಾಲ ಎಂಬ ಮಾತು ಕಾಗದದಲ್ಲಿ ಇರುವುದಿಲ್ಲ ಎಂದಿದ್ದೇ ತಡ, ನನಗೆ ಅವನ ಮಾತು ಬೆಲ್ಲವಾಯಿತು. ಪಕ್ಕದ ತೋಟ ಎಕರೆಗೆ ಹತ್ತು ಲಕ್ಷಕ್ಕೆ ಹೋಗಿತ್ತು. ನಿನ್ನ ಎರಡು ಎಕರೆಗೂ ಸೇರಿ ನಾನು ಆರಕ್ಕೆ ಬರೆಸಿದೆ, ಹೇಗಿದ್ದರೂ ವಾಪಸ್ ಬರುವುದಲ್ಲ ಎಂದು.

ಪತ್ರ ಬರೆಯುವವನು ಕಾಟಪ್ಪ ನೆನಪಿದ್ದಾನೆಯೆ, ಕಿವಿಯ ಮೇಲೆ ಪೆನ್ನು ಇಟ್ಟುಕೊಂಡವನು? ಆತ ಎಲ್ಲ ಬರೆದು ಮುಗಿಸಿ, “ಅಮ್ಮಾ, ಮೂರು ವರ್ಷದೊಳ್ಗೆ ದುಡ್ಡು ಕೊಟ್ರೆ ಭೂಮಿ ವಾಪಸ್ ಅಂತ ಇದ್ರಾಗೇ ಒಂದು ಮಾತು ಸೇರಿಸ್ಲಾ? ಒಳ್ಳೇದು” ಎಂದು ಕೇಳಿದ. ನೀನು ನನ್ನ ಹಿಂದೆ ನಿಂತಿದ್ದೆ. “ಬರೆಸೋಣ ಅತ್ತೆ” ಎಂದು ನೀನು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಕೇಳಿಸಿಕೊಂಡೇ ತಿರುಗಿ ನಿನ್ನನ್ನು ನೋಡಿದೆ, ನೀನು ತಲೆ ತಗ್ಗಿಸಿದೆ. “ನನ್ನ ತಮ್ಮನ ನಾಲಿಗೆಗಿಂತ ನಿನ್ನ ಪೆನ್ನು ದೊಡ್ಡದೇನಯ್ಯ?” ಎಂದು ಕಾಟಪ್ಪನಿಗೆ ಹೇಳಿದೆ. ಮೂಡಲಗಿರಿಯಪ್ಪ ಕೈಮುಗಿದ. ಆ ಒಂದು ಮಾತು ಆ ಪತ್ರದೊಳಗೆ ಇದ್ದಿದ್ದರೆ ಯಾವ ಕೋರ್ಟೂ ಅದನ್ನು ಸಲೀಸಾಗಿ ಕ್ರಯ ಎನ್ನುತ್ತಿರಲಿಲ್ಲವಂತೆ. ಇದನ್ನು ನಮ್ಮ ವಕೀಲ ಗಂಗರಾಜು ನನಗೆ ಹೇಳಿ ಮೂರು ವರ್ಷವಾಯಿತು. ನಿನಗೆ ನಾನು ಹೇಳಿರಲಿಲ್ಲ.

ಆಮೇಲೆ ರಿಜಿಸ್ಟರ್ ಆಫೀಸಿನ ಜಗಲಿ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಚೌಡಕ್ಕ ಅವಳದೇನೋ ಕೆಲಸಕ್ಕೆ ಬಂದು ಕೂತಿದ್ದಳು. ಹತ್ತನೇ ತರಗತಿಯಲ್ಲಿ ನಾನು ಪಾಸಾಗಿ ಅವಳು ಆಗದೆ ಇದ್ದದ್ದನ್ನು ಐವತ್ತು ವರ್ಷದಿಂದ ಸೆರಗಿನಲ್ಲಿ ಕಟ್ಟಿಕೊಂಡಿರುವವಳು. ನಮ್ಮನ್ನು ನೋಡಿದ ಕೂಡಲೇ, “ಏನ್ ಕದರಮ್ಮ, ಮಗಳ ಮದುವೇಗೆ ಸೊಸೆ ಭೂಮಿ ಒತ್ತೆ ಇಡ್ತಾ ಇದೀಯಂತೆ?” ಎಂದು ಹತ್ತು ಜನರ ಮುಂದೆ ಕೇಳಿದಳು. ನಮ್ಮ ಮಡಕಶಿರದ ಕಡೆಯ ಪದ್ಧತಿ ನಿನಗೆ ಗೊತ್ತಿದೆ. ಹೆಣ್ಣುಮಗಳ ಅರಿಶಿನ ಕುಂಕುಮದ ಭೂಮಿ ಕೊಂಡವರು ಅವಳಿಗೆ ಸೀರೆ ಕೊಟ್ಟು ಮಡಿಲು ತುಂಬಬೇಕು. ಈ ರಾಯದುರ್ಗದವರು ಉಡಿ ತುಂಬುವುದು ಎನ್ನುತ್ತಾರಲ್ಲ, ಅದೇ. ತುಂಬದಿದ್ದರೆ ಅವಳ ಕಣ್ಣೀರು ಆ ಮಣ್ಣಿನಲ್ಲಿ ಉಳಿಯುತ್ತದೆ ಎನ್ನುತ್ತಾರೆ. ಒತ್ತೆ ಇಟ್ಟ ಭೂಮಿಗೆ ಮಡಿಲು ತುಂಬುವುದಿಲ್ಲ. ಹೋದದ್ದು ತಿರುಗಿ ಬರುತ್ತದಲ್ಲ, ಅದಕ್ಕೆ. ನಾನು ಮೂಡಲಗಿರಿಯಪ್ಪನ ಕಡೆ ತಿರುಗಿ, ಜಗಲಿಗೆಲ್ಲ ಕೇಳುವ ಹಾಗೆ, “ಹೆಣ್ಣುಮಗಳ ಭೂಮಿ ಕ್ರಯಕ್ಕೆ ತಗೊಳ್ಳೋಕೆ ಬರಿಗೈಲಿ ಬಂದಿದೀಯಲ್ಲೋ, ಸೀರೆ ಎಲ್ಲಿ?” ಎಂದು ಗದರಿದೆ. ಅವನು ತಬ್ಬಿಬ್ಬಾದ. ಅವನ ಹೆಂಡತಿ ಕಾಟಮ್ಮ ಬಸ್‌ಸ್ಟ್ಯಾಂಡಿನ ಅಂಗಡಿಗೆ ಓಡಿಹೋಗಿ ಹಸಿರು ಸೀರೆ, ಕುಪ್ಪಸದ ಕಣ, ಅಕ್ಕಿ, ತೆಂಗಿನಕಾಯಿ ತಂದಳು. ಬೇವಿನ ಮರದ ಕೆಳಗೆ ನಿನ್ನನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದೆ. ನೀನು ಸೆರಗು ಒಡ್ಡಿದಾಗ ಅಕ್ಕಿ ಕೆಳಗೆ ಚೆಲ್ಲಿತು. ಮೂಡಲಗಿರಿಯಪ್ಪ ಫೋಟೋ ತೆಗೆದ. ನಾನು ನಿನ್ನ ಪಕ್ಕದಲ್ಲಿ ನಿಂತು ಚೌಡಕ್ಕನ ಕಡೆಯೇ ನೋಡುತ್ತಿದ್ದೇನೆ, ಆ ಫೋಟೋದಲ್ಲಿ. ಕೋರ್ಟಿನಲ್ಲಿ ಅದನ್ನು ದೊಡ್ಡದು ಮಾಡಿಸಿ ಕೊಟ್ಟಿದ್ದಾರೆ.

ಮೂರು ವರ್ಷ ನೀನು ಹೊಲಿದೆ, ನಿನ್ನ ಗಂಡ ಕತ್ತರಿಸಿದ, ನಿಮ್ಮಪ್ಪ ಪ್ರತಿ ಬೆಳೆಯ ಗೂಡು ಹಿಂದೂಪುರದಲ್ಲಿ ಮಾರಿ ಬಂದ ದಿನವೇ ಕಾಟಮ್ಮನ ಕೈಗೆ ಬಡ್ಡಿ ಕೊಟ್ಟರು. ಬಾಕಿ ಇಲ್ಲದ ಹಾಗೆ ಅಸಲು ಜೋಡಿಸಿ 2022ರ ಯುಗಾದಿ ಮುಂದೆ ತೆಗೆದುಕೊಂಡು ಹೋದೆವು. ಅಷ್ಟರಲ್ಲಿ ಅಗಳಿ ರಸ್ತೆ ಅಗಲವಾಗಿ ನಿವೇಶನದವರು ಓಡಾಡುತ್ತಿದ್ದರು. ಮೂಡಲಗಿರಿಯಪ್ಪ ಕಾಫಿ ಕೊಡಿಸಿದ. ಕುಡಿದಾದ ಮೇಲೆ, “ಯಾವ್ ಒತ್ತೆ ಅಕ್ಕ? ನೀನೇ ನಿಂತು ಮಡಿಲು ತುಂಬಿಸ್ದಲ್ಲ” ಎಂದ. ನೀನು ಲೋಟ ಕೆಳಗಿಟ್ಟು ಎದ್ದು ಹೋದೆ. ನಾನು ಅವನ ಅಪ್ಪನ ಹೆಸರು ಹಿಡಿದು ಬೈದೆ. ಬೈದದ್ದರಿಂದ ಏನೂ ಬರಲಿಲ್ಲ.

ಆದರೂ ದಾವೆ ಗೆಲ್ಲುವಂಥದೇ ಆಗಿತ್ತು ರಮ್ಯಾ. ಇದನ್ನು ನೀನು ತಿಳಿದುಕೊಳ್ಳಬೇಕು. ಮೇಲೆ ಕ್ರಯ ಎಂದು ಬರೆದಿದ್ದರೂ ಒಳಗೆ ಸಾಲವೇ ಇದ್ದರೆ ಕೋರ್ಟು ಬರಿಯ ಕಾಗದ ನೋಡಿ ಸುಮ್ಮನಾಗುವುದಿಲ್ಲ, ನಡೆದುಕೊಂಡ ರೀತಿ ನೋಡುತ್ತದೆ ಎಂದು ಗಂಗರಾಜು ಹೇಳಿದ್ದರು. “ಅಮ್ಮಾ, ಮಾರ್ದೋರು ಭೂಮಿ ಬಿಟ್ಟೋಗ್ತಾರೆ. ನಿಮ್ ಬೀಗ್ರು ಇವತ್ತೂ ಅಲ್ಲೇ ಸೊಪ್ಪು ಕುಯ್ತಾ ಅವ್ರೆ. ಬೆಲೆ ಮೂರ್ನೇ ಒಂದು ಭಾಗ. ಕರೆಂಟ್ ಬಿಲ್ಲು ಇನ್ನೂ ನಿಮ್ ಸೊಸೆ ಹೆಸರ್ನಾಗೆ. ಬಡ್ಡಿ ಕೈಲಿ ಕೊಟ್ಟಿದ್ದು ಬಿಟ್ರೂ ಎರಡು ಸಲ ಫೋನ್ನಾಗೆ ಕಳ್ಸಿರೋದು ಐತೆ. ಇಷ್ಟು ಸಾಕು. ಆ ಸೀರೆ ಒಂದೇ ಅಡ್ಡ ಕೂತಿರೋದು, ಅದನ್ನ ನೀವೇ ಎತ್ತಾಕ್ಬೇಕು” ಎಂದಿದ್ದರು. ಸಾಕ್ಷಿಯ ಹಿಂದಿನ ಸಂಜೆ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳಿಕೊಟ್ಟರು. ಸುಳ್ಳು ಹೇಳಿಕೊಡಲಿಲ್ಲ. “ಸಾಲ ತಂದಿದ್ದೆವು, ನಾಚಿಕೆಯಾಗಿ ಮುಚ್ಚಿಡಲು ಸೀರೆ ನಾನೇ ಕೇಳಿ ತರಿಸಿದೆ ಅಂತ ಹೇಳಿ. ನಿಜ ತಾನೇ ಅದು?” ಎಂದರು. ನಿಜವೇ. ಹೇಳುತ್ತೇನೆ ಎಂದೆ. ರಾತ್ರಿಯೆಲ್ಲ ಆ ಎರಡು ವಾಕ್ಯವನ್ನು ಶಾಲೆಯ ಪಾಠದ ಹಾಗೆ ಬಾಯಿಪಾಠ ಮಾಡಿದೆ.

ಮಾರನೆಯ ದಿನ ನಾನು ಕಟಕಟೆ ಹತ್ತಿದಾಗ ನೀನು ಮುಂದಿನ ಬೆಂಚಿನಲ್ಲಿದ್ದೆ, ನಿನ್ನ ಹಿಂದೆ ಏನಿದೆ ಎಂದು ನಿನಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಕೊನೆಯ ಬೆಂಚಿನಲ್ಲಿ ಹೇಮಾಳ ಮಾವ, ಹೆಗಲಿಗೆ ಟವೆಲು, ಪಕ್ಕದಲ್ಲಿ ಮೂಡಲಗಿರಿಯಪ್ಪ. ಅವರನ್ನು ಕಲ್ಯಾಣದುರ್ಗದಿಂದ ಕಾರು ಮಾಡಿ ಕರೆಸಿ ಕೂರಿಸಿದ್ದ. ಮೂಡಲಗಿರಿಯಪ್ಪನ ವಕೀಲರು ತೆಲುಗಿನಲ್ಲಿ ಕೇಳಿದರು, ನಾನು ತೆಲುಗಿನಲ್ಲೇ ಹೇಳಿದೆ. ಮಡಿಲು ತುಂಬಿದ್ದು ನಿಜವೇ? ನಿಜ. ಸೀರೆ ಕೇಳಿದವರು ಯಾರು? ನಾನೇ. ಯಾಕೆ ಕೇಳಿದಿರಿ? ನಾನು ಬಾಯಿಪಾಠ ಮಾಡಿದ್ದು ನಾಲಿಗೆಯ ಮೇಲೆ ಇತ್ತು. ಹೇಮಾಳ ಮಾವ ಟವೆಲಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. ನಾನು, “ಹೆಣ್ಣುಮಗಳ ಭೂಮಿ ಕೊಟ್ಟರೆ ಸೀರೆ ಕೇಳುವುದು ನಮ್ಮ ಪದ್ಧತಿ” ಎಂದೆ. ಹಾಗಾದರೆ ಮಗಳ ಮದುವೆಗೆ ಸಾಲ ತಂದಿರಾ ಎಂದು ಕೇಳಿದರು. ಅದು ಬಾಗಿಲು ತೆರೆದು ಕೊಟ್ಟ ಹಾಗೆ ಇತ್ತು, ಹೌದು ಎಂದಿದ್ದರೆ ಸಾಕಿತ್ತು. “ಸಾಲ ಮಾಡಿ ಮಗಳನ್ನು ಕೊಡುವ ಮನೆತನ ನಮ್ಮದಲ್ಲ” ಎಂದೆ. ಟೈಪು ಮಾಡುವ ಹುಡುಗಿ ಅದನ್ನು ಹಾಗೇ ಹೊಡೆದಳು. ಅವರ ವಕೀಲರು ಇನ್ನೇನೂ ಕೇಳಲಿಲ್ಲ, ಕಾಗದ ಜೋಡಿಸಿಕೊಂಡು ಕೂತರು. ಗಂಗರಾಜು ನನ್ನ ಕಡೆ ನೋಡಲೇ ಇಲ್ಲ.

ನಾನು ತಮ್ಮನ ಕಡೆ ಸೇರಿಕೊಂಡು ನಿನ್ನ ಕುತ್ತಿಗೆ ಕೊಯ್ದೆ ಎಂದು ನೀನು ತಿಳಿದಿದ್ದೀಯ. ಅವತ್ತು ಬಸ್ಸಿನಲ್ಲಿ ನೀನು ನನ್ನ ಪಕ್ಕ ಕೂರಲಿಲ್ಲ. ಪಾವಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಮೀನಾಕ್ಷಿಯ ಕೈಹಿಡಿದು ಇಳಿದೆ. ನೀರು ತರಲು ಹೋಗಿದ್ದೀಯ ಎಂದುಕೊಂಡೆ. ಕಂಡಕ್ಟರ್ ಸೀಟಿ ಊದಿದ. ನಿಮ್ಮವರು ಬರಬೇಕೇನಮ್ಮ ಎಂದು ಅವನು ಕೇಳಿದಾಗ, ಬಸ್ಸಿನ ತುಂಬ ಜನ ನನ್ನನ್ನು ನೋಡಿದಾಗ, “ಇಲ್ಲ, ಅವರು ಇಲ್ಲೇ ಇಳಿಯುವವರು” ಎಂದೆ. ಇದೂ ನಿನಗೆ ಗೊತ್ತಿಲ್ಲದ್ದು. ಇಳಿದು ನಿನ್ನನ್ನು ಹುಡುಕಬಹುದಿತ್ತು. ಬಸ್ಸು ಹೊರಟಿತು, ನಾನು ಕಿಟಕಿಯಿಂದಾಚೆಗೆ ನೋಡಲಿಲ್ಲ. ಕಟಕಟೆಯಲ್ಲಿ ತಮ್ಮನಿಗಾಗಿ ನಾನು ಹಾಗೆ ಹೇಳಲಿಲ್ಲ ರಮ್ಯಾ. ತಮ್ಮನಿಗಾಗಿಯಾದರೂ ಹೇಳಿದ್ದರೆ ರಕ್ತಸಂಬಂಧ ಎಂದಾದರೂ ಅನ್ನಬಹುದಿತ್ತು. ಕೊನೆಯ ಬೆಂಚಿನಲ್ಲಿ ಕೂತ ಒಬ್ಬ ಗಂಡಸು ನನ್ನನ್ನು ಏನೆಂದುಕೊಳ್ಳುತ್ತಾನೋ ಎಂದು ಹೇಳಿದೆ.

ಗುರುವಾರ ತೀರ್ಪು ಕೇಳಲು ನಾನು ಒಬ್ಬಳೇ ಹೋಗಿದ್ದೆ. ಹುಳು ಕೊನೆಯ ಪೊರೆ ಬಿಟ್ಟು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು, ಅದಕ್ಕೆ ನಿಮ್ಮಪ್ಪ ಬರಲಾಗಲಿಲ್ಲ. ಓದಿದ್ದು ಇಂಗ್ಲಿಷಿನಲ್ಲಿ, ಎರಡೇ ನಿಮಿಷ. ಆಮೇಲೆ ಹೊರಗೆ ಗಂಗರಾಜು ಒಂದೊಂದಾಗಿ ಬಿಡಿಸಿ ಹೇಳಿದರು. ಸ್ವಾಧೀನ, ಬೆಲೆ, ಬಿಲ್ಲು, ಎಲ್ಲವನ್ನೂ ಜಡ್ಜು ನೋಡಿದ್ದಾರೆ. ಅನುಮಾನಕ್ಕೆ ಎಡೆ ಇದೆ ಎಂದೂ ಬರೆದಿದ್ದಾರೆ. ಕೊನೆಗೆ, ವಾದಿಯ ಅತ್ತೆಯೇ, ಈ ವ್ಯವಹಾರ ಮಾಡಿಸಿದವರೇ, ಸಾಲವಲ್ಲ ಎಂದು ಪ್ರಮಾಣ ಮಾಡಿ ಹೇಳಿರುವಾಗ ಒತ್ತೆ ಎಂದು ನಂಬುವುದು ಹೇಗೆ ಎಂದು ಬರೆದಿದ್ದಾರೆ. ಅವರದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ಆ ಜಾಗದಲ್ಲಿ ನಾನು ಕೂತಿದ್ದರೂ ಅದನ್ನೇ ಬರೆಯುತ್ತಿದ್ದೆ.

ನಿನ್ನೆ ಹೇಮಾ ಫೋನ್ ಮಾಡಿದಳು. ಎಲ್ಲ ಹೇಳಿ, ನಿಮ್ಮ ಮಾವನಿಗಾಗಿ ಹೀಗಾಯಿತು ಎಂದೆ. ಅವಳು, “ಅಮ್ಮಾ, ನಮ್ಮ ಮಾವಗ ಮದುವಿ ಚಪ್ಪರದಾಗ ಗೊತ್ತಿತ್ತು. ಮೂಡಲಗಿರಿ ಮಾಮನ ಹೇಳಿದ್ನಂತ. ಹೆಣ್ಣು ಕೊಡೋ ಮನಿ ಅಂದಮ್ಯಾಲ ಸಾಲ ಇರದ ಇರತೈತೇನು, ಪಾಪ, ಅಂತ ಅಂದು ಹೋಳಿಗಿ ಹಾಕಿಸ್ಕೊಂಡ್ರಂತ” ಎಂದಳು. ಆರು ವರ್ಷದಿಂದ ಅವರಿಗೆ ಗೊತ್ತು. ಆರು ವರ್ಷ ಪ್ರತಿ ಹಬ್ಬಕ್ಕೂ ಅವರು ಈ ಮನೆಗೆ ಬಂದಾಗ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಓಡಾಡಿದ್ದೇನೆ. ಅವರು ಪಾಪ ಎಂದುಕೊಂಡು ಊಟ ಮಾಡಿ ಹೋಗಿದ್ದಾರೆ. ನಾನು ನಿನ್ನ ಭೂಮಿ ಕೊಟ್ಟು ಮುಚ್ಚಿದ್ದು ಏನನ್ನೂ ಅಲ್ಲ, ಅಲ್ಲಿ ಮುಚ್ಚುವುದಕ್ಕೆ ಏನೂ ಇರಲೇ ಇಲ್ಲ.

ಗಂಗರಾಜು ಅವರನ್ನು ಕೇಳಿದೆ, ನಾನು ಮತ್ತೆ ಹೋಗಿ ಸುಳ್ಳು ಹೇಳಿದೆನೆಂದು ಹೇಳಿದರೆ ಆಗುವುದಿಲ್ಲವೇ ಎಂದು. “ಮ್ಯಾಲಿನ್ ಕೋರ್ಟಿಗೆ ಹಾಕ್ಬೋದಮ್ಮ, ನಿಮ್ ಸೊಸೆ ಸೈನು ಬೇಕು. ಆದ್ರೆ ಅಲ್ಲಿ ಬರ್ದಿರೋದನ್ನೇ ಓದ್ತಾರೆ. ಬರ್ದಿರೋದು ನಿಮ್ ಮಾತು. ಈಗ ಸುಳ್ಳು ಅಂದ್ರೆ ನಿಮ್ ಮ್ಯಾಲೆ ಕೇಸು, ಭೂಮಿ ಬರಾಕಿಲ್ಲ” ಎಂದರು. ನನ್ನ ಮೇಲೆ ಕೇಸು ಆಗಲಿ ಎಂದೆ. ಅವರು ಟೀ ತರಿಸಿದರು. ಅರ್ಜಿಯ ಕಾಗದ ಇದರ ಜೊತೆ ಇಟ್ಟಿದ್ದೇನೆ. ಸೈನು ಮಾಡುವುದು ಬಿಡುವುದು ನಿನ್ನ ಇಷ್ಟ. ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ನಾನು ಹೇಳಿದ್ದನ್ನು ನಂಬು ಎಂದು ಯಾವ ಬಾಯಿಂದ ಹೇಳಲಿ?

ಮನೆಗೆ ಬಾ ಎಂದು ಬರೆಯುವುದಿಲ್ಲ. ನೀನು ಊರವರ ಮಕ್ಕಳಿಗೆ ಮುದ್ದೆ ಕಟ್ಟುತ್ತೀಯ ಎಂದು ಮೊದಲು ನನಗೆ ಬಹಳ ಅವಮಾನವಾಗಿತ್ತು. ಈಗ ಇಲ್ಲ. ತಿಂಗಳಿಗೆ ಬರುವ ಆ ದುಡ್ಡು ನಿನ್ನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇರಲಿ. ರಾಮಾಂಜಿನೇಯ ಕೇಳಿದರೂ ಕೊಡಬೇಡ, ನಾನು ಕೇಳಿದರಂತೂ ಕೊಡಬೇಡ. ಮೀನಾಕ್ಷಿಗೆ ನಿಮ್ಮಪ್ಪ ಮುಂದೆ ಏನಾದರೂ ಕೊಡುವುದಿದ್ದರೆ ಅದರ ಕಾಗದವನ್ನು ನೀನೇ ಓದು, ಓದಿ ಅರ್ಥವಾಗದಿದ್ದರೆ ಗಟ್ಟಿಯಾಗಿ ಕೇಳು, ಹಿಂದೆ ನಿಂತುಕೊಂಡು ಮೆಲ್ಲಗೆ ಹೇಳಬೇಡ. ಅತ್ತೆ ತಿರುಗಿ ನೋಡಿದರೆ ನೋಡಲಿ.

ಮೊಮ್ಮಗಳಿಗೆ ಅಜ್ಜಿಯ ಮುತ್ತು. ನಿನಗೆ ಒಳ್ಳೆಯದಾಗಲಿ, ನನ್ನ ಕೈಯಿಂದಲ್ಲದೆ ಬೇರೆ ಎಲ್ಲಿಂದಲಾದರೂ.

ಇಂತಿ ನಿನ್ನ ಅತ್ತೆ,
ಕದರಮ್ಮ

ಭಾನುವಾರ ಬೆಳಿಗ್ಗೆ. ರಾಮಾಂಜಿನೇಯ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಇಡೀ ದಿನ ಕೂತು ಬರೆದರೂ ಇದನ್ನು ಬರೆಯಲಾಗಲಿಲ್ಲ. ನಿಮ್ಮಪ್ಪನಿಗೆ ತೀರ್ಪು ಗೊತ್ತಿಲ್ಲ. ಗುರುವಾರ ನಾನು ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಅವರು ಫೋನ್ ಮಾಡಿ, “ಏನಾಯ್ತಮ್ಮ?” ಎಂದರು. “ಭೂಮಿ ಎಲ್ಲಿಗೂ ಹೋಗಲ್ಲ ವೆಂಕಟಪ್ಪನವರೇ, ನಿಮ್ಮ ಮಗಳದೇ” ಎಂದುಬಿಟ್ಟೆ. ಅವರು, ನಿಮಗೆ ಕೈಮುಗಿಯುತ್ತೇನೆ ಎಂದರು. ನಿನಗೆ ನಾನೇ ತಿಳಿಸುತ್ತೇನೆ, ನೀವು ಹೇಳಬೇಡಿ ಎಂದೆ. ನಿನ್ನೆ ಸಂಜೆ ಮತ್ತೆ ಫೋನ್ ಬಂತು. ಕೇಸು ಮುಗಿಯಲಿ ಎಂದು ಇಷ್ಟು ದಿನ ಕಾದಿದ್ದರಂತೆ, ಎರಡು ಸೀಮೆ ಹಸುಗಳನ್ನೂ ಮಾರಿ ತೋಟದಲ್ಲಿ ಹೊಸ ಬೋರು ಹಾಕಿಸಲು ಲಾರಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ನಾಳೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಲಾರಿ ಬರುತ್ತದೆ. ರಾತ್ರಿ ಮೂರು ಸಲ ಅವರಿಗೆ ಫೋನ್ ಮಾಡಿದೆ, ಮೂರು ಸಲವೂ ಮಳೆ ಬಂತೇ ಎಂದು ಕೇಳಿ ಇಟ್ಟೆ. ನನ್ನಿಂದ ಆಗುವುದಿಲ್ಲ. ನೀನು ಇವತ್ತೇ ಅಗಳಿಗೆ ಹೋಗಿ ಹೇಳು. ಕದರಮ್ಮ ಸುಳ್ಳು ಹೇಳಿದಳು ಎಂದೇ ಹೇಳು. ಫೋನಿನಲ್ಲಿ ಹೇಳಬೇಡ, ಮನೆಯಲ್ಲಿ ಅವರೊಬ್ಬರೇ ಇರುತ್ತಾರೆ.